ಮದ್ದು, ಅಳತೆ, ಕಾವಲು: ಚಂಚಲ ಮಕ್ಕಳ ಉತ್ತೇಜಕ ಔಷಧದ ಚರಿತ್ರೆ ಮತ್ತು ಪೂರ್ವ ಬೆಂಗಳೂರಿನ ಜನಪದ ವೈದ್ಯಪ್ರಜ್ಞೆ

ಕನ್ನಡದಲ್ಲಿ 'ಮದ್ದು' ಎಂಬ ಪದಕ್ಕೆ ಔಷಧವೆಂಬ ಅರ್ಥವಿರುವಂತೆಯೇ ವಿಷ, ವಶೀಕರಣದ ವಸ್ತು, ಸಿಡಿಮದ್ದು ಎಂಬ ಅರ್ಥಗಳೂ ಇವೆ. 'ಮದ್ದು ಕೊಟ್ಟರು' ಎಂದಾಗ ಉಪಕಾರದ ಭಾವವೂ 'ಮದ್ದು ಹಾಕಿದರು' ಎಂದಾಗ ಅಪಕಾರದ ಭಾವವೂ ಮೂಡುತ್ತವೆ. ಒಂದೇ ವಸ್ತು ಕೈಯಿಂದ ಕೈಗೆ, ಅಳತೆಯಿಂದ ಅಳತೆಗೆ ಬೇರೆಯಾಗುತ್ತದೆಂಬ ಅರಿವು ಈ ಪದದೊಳಗೇ ಅಡಗಿದೆ. ಗಮನದ ಕೊರತೆ ಹಾಗೂ ಅತಿಚಟುವಟಿಕೆಯ ತೊಂದರೆ, ಅಂದರೆ ಎ.ಡಿ.ಎಚ್.ಡಿ., ಇರುವ ಮಕ್ಕಳಿಗೆ ಕೊಡುವ ಉತ್ತೇಜಕ ಔಷಧದ ಚರಿತ್ರೆಯನ್ನು ಈ ಅರಿವಿನ ಬೆಳಕಿನಲ್ಲಿ, ರಾಮಮೂರ್ತಿ ನಗರದ ಪರಿಸರವನ್ನು ಲಕ್ಷ್ಯದಲ್ಲಿರಿಸಿಕೊಂಡು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಸರ

ಹಳೆಯ ಮದ್ರಾಸು ರಸ್ತೆಯ ಉತ್ತರಕ್ಕಿರುವ ರಾಮಮೂರ್ತಿ ನಗರ ಬಾಣಸವಾಡಿ, ಕೌದೇನಹಳ್ಳಿ, ಕಲ್ಕೆರೆ, ಹೊರಮಾವು ಮೊದಲಾದ ಹಳ್ಳಿಗಳ ನಡುವೆ ಬೆಳೆದ ಬಡಾವಣೆ. 1948ರಲ್ಲಿ ದೂರವಾಣಿನಗರದ ಐ.ಟಿ.ಐ., 1956ರಲ್ಲಿ ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. ಕಾರ್ಖಾನೆಗಳು ಸ್ಥಾಪನೆಗೊಂಡ ಮೇಲೆ ಈ ಭಾಗದಲ್ಲಿ ಹೊಲಗದ್ದೆಗಳು ಕ್ರಮೇಣ ನಿವೇಶನಗಳಾದವು. ಕೆ.ಆರ್. ಪುರ ನಗರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ವಿಲೀನವಾಯಿತು. ಕನ್ನಡ, ತೆಲುಗು, ತಮಿಳು, ಉರ್ದು, ಮಲಯಾಳಂ ಮನೆಮಾತುಗಳು ಇಲ್ಲಿ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಈ ಬದಲಾವಣೆಯ ಒಂದು ಪರಿಣಾಮ ನಮ್ಮ ವಿಷಯಕ್ಕೆ ಮುಖ್ಯವಾದುದು. ಕೂಡುಕುಟುಂಬ ಒಡೆದು ಚಿಕ್ಕ ಸಂಸಾರಗಳಾದಾಗ, ಮಕ್ಕಳಿಗೆ ಮದ್ದು ತೇಯುತ್ತಿದ್ದ ಅಜ್ಜಿ ಅನೇಕ ಮನೆಗಳಲ್ಲಿ ಊರಿನಲ್ಲಿಯೇ ಉಳಿದಳು.

ಜನಪದರ ನಾಮಕರಣ

ಕುಂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮಗುವನ್ನು ನಮ್ಮ ಜನ 'ಕಾಲಿಗೆ ಚಕ್ರ ಕಟ್ಟಿಕೊಂಡವನು' ಎನ್ನುತ್ತಾರೆ. ತುಂಟ, ಪೋಕರಿ, ಕೋತಿಚೇಷ್ಟೆಯವನು ಎಂಬ ಮಾತುಗಳೂ ಇವೆ. ತೀವ್ರವಾದಾಗ ದೃಷ್ಟಿ, ಸೋಂಕು, ಬಾಲಗ್ರಹಗಳ ಶಂಕೆ ಹುಟ್ಟಿ, ಅಂತ್ರ, ತಾಯಿತ, ಹರಕೆಗಳು ಬರುತ್ತವೆ. ಕೇಳಿದ್ದನ್ನು ಮರೆಯುವ, ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವ ಮಗುವಿಗಾದರೋ 'ಪರಧ್ಯಾನ' ಎಂಬ ಸೌಮ್ಯ ಪದವಿದೆ. ಚೇಷ್ಟೆಗೆ ಪರಿಹಾರ ಹುಡುಕುವ ಸಮಾಜ ಪರಧ್ಯಾನವನ್ನು ತೊಂದರೆಯೆಂದೇ ಎಣಿಸುವುದಿಲ್ಲ. ಗದ್ದಲ ಮಾಡದೆ ಹಿಂದೆ ಬೀಳುವ ಮಕ್ಕಳು, ವಿಶೇಷವಾಗಿ ಹೆಣ್ಣುಮಕ್ಕಳು, ತಡವಾಗಿ ಗುರುತಿಸಲ್ಪಡಲು ಇದೂ ಒಂದು ಕಾರಣವೆಂದು ಭಾವಿಸಬಹುದು.

ದನಕರುಗಳ ಹಿಂದೆ ಓಡುವ ಬದುಕಿನಲ್ಲಿ ಮರೆಯಾಗಿದ್ದ ಚಂಚಲತೆ ತರಗತಿಯ ಬೆಂಚಿನ ಮೇಲೆ ಎದ್ದು ಕಾಣುವುದು ಸಹಜ. ಆದರೆ ಶಾಲೆಯೇ ಈ ತೊಂದರೆಯನ್ನು ಹುಟ್ಟಿಸಿತು ಎನ್ನುವುದು ಸರಿಯಲ್ಲ. ಇದರಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದೆಂದು ಅವಳಿ ಮಕ್ಕಳ ಅಧ್ಯಯನಗಳು ತೋರಿಸಿವೆ. ತಾಯಿಯ ಸಾಕಣೆಯನ್ನು ಹಳಿಯುವ ಮಾತಿಗೆ ಅಲ್ಲಿ ಆಧಾರವಿಲ್ಲ.

ಔಷಧದ ಚರಿತ್ರೆ

ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿ ನೀಡಿದ ಉಪನ್ಯಾಸಗಳಲ್ಲಿ ಇಂಥ ಮಕ್ಕಳ ವರ್ಣನೆಯಿದೆ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟಾಗ ಸುಮಾರು ಅರ್ಧದಷ್ಟು ಮಕ್ಕಳ ಓದು ಗಮನಾರ್ಹವಾಗಿ ಸುಧಾರಿಸಿತು. ಉತ್ತೇಜಕವೊಂದು ಚಂಚಲ ಮಗುವನ್ನು ನೆಲೆಗೊಳಿಸಿದ್ದು ಆಗ ಅಚ್ಚರಿಯ ಸಂಗತಿ. ಮಿದುಳಿನಲ್ಲಿ ಡೋಪಮಿನ್, ನಾರ್ಅಡ್ರಿನಲಿನ್‌ಗಳ ಪ್ರಮಾಣ ಹೆಚ್ಚಿ ಗಮನ ಮತ್ತು ಸಂಯಮಗಳಿಗೆ ಬಲ ಬರುತ್ತದೆಂಬ ವಿವರಣೆ ಆ ಬಳಿಕ ಬಂದಿತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೊ ಪನಿಜೋನ್ 1944ರಲ್ಲಿ ಮೀಥೈಲ್‌ಫೆನಿಡೇಟ್ ತಯಾರಿಸಿದನು. ಅದಕ್ಕೆ ತನ್ನ ಪತ್ನಿಯ ಹೆಸರಿನಿಂದ ರಿಟಾಲಿನ್ ಎಂಬ ಹೆಸರು ಬಂದಿತು.

ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಎನಿಸಿಕೊಂಡಿದ್ದ ಸಂಸ್ಥೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಇಂದು ಅಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಮನೋವೈದ್ಯ ವಿಭಾಗವಿದೆ. ಆದರೂ ಪೂರ್ವ ಬೆಂಗಳೂರಿನ ಜನಸಾಮಾನ್ಯರ ಮಾತಿನಲ್ಲಿ ಹಳೆಯ ಹೆಸರಿನ ನೆರಳು ಇನ್ನೂ ಮಾಸಿಲ್ಲ. ಮಗುವನ್ನು ಅಲ್ಲಿಗೆ ಕರೆದೊಯ್ಯಲು ಹಿಂಜರಿಯುವ ಮನೆಗಳ ಸಂಕೋಚಕ್ಕೆ ಈ ಚರಿತ್ರೆಯೂ ಕಾರಣ.

ಉತ್ತೇಜಕದ ದುರ್ಬಳಕೆಯ ಅಪಾಯವನ್ನು ಕಾನೂನು ಗಂಭೀರವಾಗಿ ಪರಿಗಣಿಸಿದೆ. ಮೀಥೈಲ್‌ಫೆನಿಡೇಟ್ 1971ರ ವಿಶ್ವಸಂಸ್ಥೆಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 1985ರ ನಮ್ಮ ಮಾದಕ ವಸ್ತುಗಳ ಕಾಯಿದೆಯೂ ಅದನ್ನು ಮನಃಪರಿಣಾಮಿ ವಸ್ತುವೆಂದು ಹೆಸರಿಸಿದೆ. ಔಷಧ ನಿಯಮಗಳ 'ಎಕ್ಸ್' ಅನುಸೂಚಿಗೆ ಸೇರಿರುವುದರಿಂದ ವೈದ್ಯರು ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು. ಒಂದನ್ನು ಅಂಗಡಿಯವರು 2 ವರ್ಷ ಕಾಪಿಡಬೇಕು. ದಾಸ್ತಾನನ್ನು ಬೀಗ ಹಾಕಿ ಇಡಬೇಕು. ಆದಕಾರಣ ಇದು ಎಲ್ಲ ಅಂಗಡಿಗಳಲ್ಲಿ ದೊರೆಯುವುದಿಲ್ಲ. ಮಾತ್ರೆ ಮುಗಿಯುವ ಮೊದಲೇ ಮುಂದಿನ ಭೇಟಿಯನ್ನು ಗೊತ್ತುಮಾಡಿಕೊಳ್ಳುವುದು ಪೋಷಕರ ಹೊಣೆಯಾಗುತ್ತದೆ.

ತೇಯುವ ಕಲ್ಲಿನ ಪಾಠ

ಹಸುಗೂಸಿಗೆ ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ, ಶುಂಠಿಗಳನ್ನು ಕಲ್ಲಿನ ಮೇಲೆ ತೇದು ನೆಕ್ಕಿಸುವ ಪದ್ಧತಿ ನಾಡಿನಾದ್ಯಂತ ಇತ್ತು. ಉತ್ತರ ಕರ್ನಾಟಕದಲ್ಲಿ ಇದಕ್ಕೆ 'ಸುತ್ತುಖಾರ' ಎಂದು ಹೆಸರು. ಪ್ರತಿಯೊಂದನ್ನೂ ಎಷ್ಟು ಸುತ್ತು ತೇಯಬೇಕೆಂಬ ಲೆಕ್ಕವಿತ್ತು. ಮಗು ಬೆಳೆದಂತೆ ಸುತ್ತು ಏರುತ್ತಿತ್ತು. ಭೇದಿಯಾದರೆ ಒಂದು ಇಳಿಯುತ್ತಿತ್ತು, ಮಲಬದ್ಧತೆಯಾದರೆ ಇನ್ನೊಂದು ಏರುತ್ತಿತ್ತು. ಆ ಬೇರುಗಳೆಲ್ಲ ನಿರಪಾಯಕರವೆಂದು ಇದರ ಅರ್ಥವಲ್ಲ. ಬಜೆಯಲ್ಲಿರುವ ಬೀಟಾ-ಅಸರೋನಿನ ಅಪಾಯವನ್ನು ಕಂಡು ಅಮೆರಿಕ 1968ರಲ್ಲಿ ಆಹಾರದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ಇಲ್ಲಿ ಗ್ರಹಿಸಬೇಕಾದುದು ವಸ್ತುವನ್ನಲ್ಲ, ವಿಧಾನವನ್ನು: ಕಿರಿದಾಗಿ ಆರಂಭಿಸು, ಮಗುವನ್ನು ನೋಡು, ಆಮೇಲೆ ಏರಿಸು, ಮದ್ದು ಒಂದೇ ಕೈಯಲ್ಲಿರಲಿ.

ಉತ್ತೇಜಕ ಔಷಧದ ಸುರಕ್ಷಿತ ಬಳಕೆಯೂ ಇದೇ ಕ್ರಮವನ್ನು ಬೇಡುತ್ತದೆ. 6 ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರ ತರಬೇತಿ, ವರ್ತನಾ ಚಿಕಿತ್ಸೆ. ಔಷಧ ಮೊದಲ ಆಯ್ಕೆಯಲ್ಲ. ಆರಂಭಕ್ಕೆ ಮುನ್ನ ಎತ್ತರ, ತೂಕ, ನಾಡಿ, ರಕ್ತದೊತ್ತಡಗಳನ್ನು ಅಳೆಯಬೇಕು. ಮಗು ಓಡುವಾಗ ಮೂರ್ಛೆ ಹೋಗಿದ್ದರೆ, ವಂಶದಲ್ಲಿ ಎಳೆಯ ವಯಸ್ಸಿನ ಹಠಾತ್ ಸಾವು ಸಂಭವಿಸಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು. ಮೀಥೈಲ್‌ಫೆನಿಡೇಟನ್ನು ಸಾಮಾನ್ಯವಾಗಿ 5 ಮಿಲಿಗ್ರಾಮಿನಿಂದ ಆರಂಭಿಸಿ, ವಾರಕ್ಕೊಮ್ಮೆ ಪರಿಶೀಲಿಸುತ್ತ ವೈದ್ಯರೇ ಏರಿಸುತ್ತಾರೆ. ಸಾಧಾರಣ ಮಾತ್ರೆಯ ಪರಿಣಾಮ 3-4 ಗಂಟೆ. ದೀರ್ಘಕಾಲಿಕ ಮಾತ್ರೆಯದು 8ರಿಂದ 12 ಗಂಟೆ. ದೀರ್ಘಕಾಲಿಕ ಮಾತ್ರೆಯನ್ನು ಪುಡಿಮಾಡಿ ಅಥವಾ ಅಗಿದು ನುಂಗಿದರೆ ದಿನದ ಮದ್ದೆಲ್ಲ ಒಮ್ಮೆಗೇ ಬಿಡುಗಡೆಯಾಗಬಹುದು. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಕೊಡಬಾರದು. ಸಂಜೆ ಕೊಟ್ಟರೆ ನಿದ್ರೆ ಕೆಡುತ್ತದೆ.

ಹಸಿವು ತಗ್ಗುವುದು ಈ ಔಷಧದ ಸಾಮಾನ್ಯ ಪರಿಣಾಮ. ಬೆಳಗಿನ ಊಟವಾದ ಮೇಲೆ ಮಾತ್ರೆ ಕೊಟ್ಟು, ಮಧ್ಯಾಹ್ನದ ಕೊರತೆಯನ್ನು ರಾತ್ರಿಯ ರಾಗಿಮುದ್ದೆ, ಬೇಳೆ, ಮೊಟ್ಟೆ, ಹಾಲುಗಳಲ್ಲಿ ತುಂಬಬಹುದು. 6 ತಿಂಗಳಿಗೊಮ್ಮೆ ಎತ್ತರ, ನಾಡಿ, ರಕ್ತದೊತ್ತಡಗಳನ್ನು, ಚಿಕ್ಕವರಲ್ಲಿ 3 ತಿಂಗಳಿಗೊಮ್ಮೆ ತೂಕವನ್ನು ನೋಡುವುದು ವಾಡಿಕೆ. ಎದೆನೋವು, ಮೂರ್ಛೆ, ಇಲ್ಲದ್ದನ್ನು ಕಾಣುವುದು, ಸಾಯುವ ಮಾತು ಕಂಡುಬಂದರೆ ಕೂಡಲೇ ವೈದ್ಯರನ್ನು ಕಾಣಬೇಕು. ನೆಗಡಿಯ ಮಾತ್ರೆ, ನಾಟಿ ಪುಡಿ, ಭಸ್ಮಗಳನ್ನು ವೈದ್ಯರಿಗೆ ತಿಳಿಸದೆ ಜೊತೆಗೆ ಕೊಡಬಾರದು. ಮಾತ್ರೆ ಬೀಗದೊಳಗಿರಬೇಕು; ಅಣ್ಣನದು ತಮ್ಮನಿಗಲ್ಲ, ಪರೀಕ್ಷೆಯ ರಾತ್ರಿ ಎಚ್ಚರವಿರಬೇಕಾದ ಗೆಳೆಯನಿಗಂತೂ ಅಲ್ಲ.

ಅಳೆಯುವ ಕೈಯ ಮಹತ್ವವನ್ನು 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ಪಷ್ಟಪಡಿಸಿತು. 579 ಮಕ್ಕಳನ್ನು 14 ತಿಂಗಳು ಗಮನಿಸಿದ ಆ ಅಧ್ಯಯನದಲ್ಲಿ, ಹೊರಗಿನ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂರನೆಯ ಎರಡು ಭಾಗದ ಮಕ್ಕಳೂ ಇಂಥದೇ ಔಷಧ ತೆಗೆದುಕೊಂಡಿದ್ದರು. ಆದರೂ ತಿಂಗಳು ತಿಂಗಳು ನೋಡಿ, ಅಳತೆ ಸರಿಪಡಿಸಿದ ಗುಂಪಿನ ಮಕ್ಕಳೇ ಹೆಚ್ಚು ಸುಧಾರಿಸಿದರು. ನಂತರದ ವರ್ಷಗಳಲ್ಲಿ ಗುಂಪುಗಳ ನಡುವಿನ ಆ ಅಂತರ ಕಿರಿದಾಯಿತು. ಔಷಧ ಪಡೆದವರ ಎತ್ತರದ ಬೆಳವಣಿಗೆ 3 ವರ್ಷಗಳಲ್ಲಿ ಸುಮಾರು 2 ಸೆಂಟಿಮೀಟರಿನಷ್ಟು ಹಿಂದೆ ಬಿದ್ದುದೂ ಕಂಡಿತು. ಎಂದಮೇಲೆ ಮದ್ದು ಒಮ್ಮೆ ಬರೆದುಕೊಟ್ಟು ಮರೆಯುವ ವಸ್ತುವಲ್ಲ. ಬೇಕೋ ಬೇಡವೋ ಎಂಬುದನ್ನು ವರ್ಷಕ್ಕೊಮ್ಮೆಯಾದರೂ ಮತ್ತೆ ಕೇಳಬೇಕಾಗುತ್ತದೆ.

ಸಮಾರೋಪ

ಇಂದಿನ ಬಡಾವಣೆಯ ಪೋಷಕರು ಎರಡು ಒತ್ತಡಗಳ ನಡುವೆ ಸಿಲುಕಿದ್ದಾರೆ. ಮಗುವನ್ನು ಸುಮ್ಮನೆ ಕೂರಿಸಿ ಎನ್ನುವ ಶಾಲೆಯ ಒತ್ತಡ ಒಂದು ಕಡೆ; ಮಗುವಿಗೆ ತಲೆ ಮಾತ್ರೆ ಕೊಡುವೆಯಾ ಎನ್ನುವ ಬಂಧುಗಳ ಮಾತು ಇನ್ನೊಂದು ಕಡೆ. ಮೊದಲನೆಯದಕ್ಕೆ ಬಾಗಿದರೆ ತೊಂದರೆಯಿಲ್ಲದ ತುಂಟನಿಗೂ ಮದ್ದು ಬೀಳಬಹುದು. ಎರಡನೆಯದಕ್ಕೆ ಬಾಗಿದರೆ ನಿಜವಾಗಿ ಬೇಕಾದ ಮಗು ಏಟು, ಅವಮಾನ, ಅರ್ಧಕ್ಕೆ ನಿಂತ ಓದುಗಳಲ್ಲಿ ಬೆಳೆಯಬಹುದು. ಮದ್ದು ಬೇಕೆಂಬ ನಿರ್ಧಾರಕ್ಕೆ ಮನೆ, ಶಾಲೆ ಎರಡೂ ಕಡೆಯ ವಿವರ ಮತ್ತು ತಜ್ಞರ ಪರೀಕ್ಷೆ ಅಗತ್ಯ. ಮದ್ದಿನ ಜೊತೆಗೆ ಪಾಠದ ಕ್ರಮ, ಆಟ, ನಿದ್ರೆಗಳೂ ಸರಿಯಾಗಬೇಕು. ಅತಿಯಾದರೆ ಅಮೃತವೂ ವಿಷ ಎನ್ನುವ ಗಾದೆ ಅಮೃತವನ್ನು ನಿರಾಕರಿಸುವುದಿಲ್ಲ, ಅಳತೆಯನ್ನು ಕೇಳುತ್ತದೆ. ತೇಯುವ ಕಲ್ಲು ಮನೆಯಿಂದ ಮರೆಯಾಗಿರಬಹುದು. ಸುತ್ತು ಎಣಿಸುತ್ತಿದ್ದ ಎಚ್ಚರ ಮಾತ್ರ ವೈದ್ಯರು, ಪೋಷಕರು, ಶಿಕ್ಷಕರು ಮೂವರ ಕೈಗೂ ದಾಟಬೇಕಾಗಿದೆ.