ಪರದೇಶದಲ್ಲಿ ಪತ್ತು

ನಮ್ಮ ಕಡೆಯ ಹಳ್ಳಿಗಳಿಗೆ ಹೋದರೆ ಹನುಮಪ್ಪನ ಗುಡಿಯ ಆಸುಪಾಸಿನಲ್ಲಿ 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ' ಎಂಬ ಫಲಕ ಕಣ್ಣಿಗೆ ಬೀಳುತ್ತದೆ. ಎಂಟನೆಯ ತರಗತಿಯ ಮಕ್ಕಳನ್ನು 'ಪತ್ತು ಅಂದರೇನು?' ಎಂದು ಕೇಳಿದರೆ ಅರ್ಧ ಮಂದಿ ಗೊಬ್ಬರ ಅನ್ನುತ್ತಾರೆ, ಇನ್ನರ್ಧ ಮಂದಿ ಬೀಜ ಅನ್ನುತ್ತಾರೆ. ಆ ಕಟ್ಟಡದಿಂದ ಹೊರಬರುವುದನ್ನು ಅವರು ಕಂಡದ್ದು ಅವೆರಡನ್ನೇ. ಪತ್ತು ಎಂದರೆ ನಂಬಿಕೆ. ತೆಗೆದುಕೊಂಡದ್ದನ್ನು ಈ ಮನುಷ್ಯ ತಿರುಗಿ ಕೊಡುತ್ತಾನೆ ಎಂದು ಇನ್ನೊಬ್ಬರು ಇಡುವ ಭರವಸೆ. ಊರಲ್ಲೇ ಹುಟ್ಟಿ ಬೆಳೆದವನಿಗೆ ಇದು ಗಳಿಸಬೇಕಾದ ವಸ್ತುವೇ ಅಲ್ಲ. ಉದ್ರಿ ಕೇಳಲು ಹೋದರೆ ಅಂಗಡಿಕಾರ ಯಾರ ಮಗ, ಹೊಲ ಯಾವ ದಿಕ್ಕಿಗೆ ಎಂದು ಕೇಳುತ್ತಾನೆ. ಅಲ್ಲಿಗೆ ವಿಚಾರಣೆ ಮುಗಿಯಿತು. ಅಪ್ಪನ ಹೆಸರು, ಹೊಲ, ದಿಕ್ಕು ಮೂರನ್ನೂ ಬಿಟ್ಟು ಸಮುದ್ರ ದಾಟಿ ಹೋದವರ ಪತ್ತಿನ ಗತಿಯೇನು?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. 2016ರಲ್ಲಿ ನನ್ನ ಮಗಳು ಗಂಡನ ಜೊತೆ ಅಮೆರಿಕದ ನ್ಯೂ ಜೆರ್ಸಿಗೆ ಹೋದಳು. ಹೋದ ಆರೇ ತಿಂಗಳಿಗೆ ಫೋನಿನಲ್ಲಿ, "ಅವ್ವಾ, ಇಲ್ಲೆ ಸಾಲಾ ಮಾಡದಾವ್ರನ್ನ ಯಾರೂ ನಂಬೂದಿಲ್ಲ ನೋಡು" ಅಂದಳು. ಸಾಲವೇ ಶೂಲ ಎಂದು ಕೇಳುತ್ತ ಬೆಳೆದ ನನಗೆ ನಗು ಬಂತು. ಆದರೆ ಇತಿಹಾಸ ಕಲಿಸುವವಳ ಚಾಳಿ ಸುಮ್ಮನಿರಲು ಬಿಡಲಿಲ್ಲ. ಇಂಥ ವಿಚಿತ್ರ ನಿಯಮಕ್ಕೆ ಒಂದು ಹುಟ್ಟೂರು ಇರಲೇಬೇಕೆಂದು ಹುಡುಕತೊಡಗಿದೆ.

ಹುಟ್ಟೂರು ನ್ಯೂಯಾರ್ಕ್. ಅಲ್ಲಿ ಲೂಯಿಸ್ ಟಪ್ಪನ್ ಎಂಬವನು ಅಣ್ಣ ಆರ್ಥರನ ಜೊತೆ ರೇಷ್ಮೆ ವ್ಯಾಪಾರ ಮಾಡುತ್ತಿದ್ದ. ದೈವಭಕ್ತ, ಗುಲಾಮಗಿರಿಯ ಕಟ್ಟಾ ವಿರೋಧಿ. ಅಮಿಸ್ಟಾಡ್ ಹಡಗಿನ ಆಫ್ರಿಕನ್ ಬಂದಿಗಳ ಬಿಡುಗಡೆಗಾಗಿ ಓಡಾಡಿದವರಲ್ಲಿ ಅವನೂ ಒಬ್ಬ. 1837ರ ಹಣಕಾಸಿನ ಬಿಕ್ಕಟ್ಟಿನಲ್ಲಿ ಅಣ್ಣತಮ್ಮಂದಿರ ಅಂಗಡಿ ಮುಳುಗಿತು. ದೂರದ ಊರುಗಳಲ್ಲಿ ಉದ್ರಿ ಒಯ್ದವರಲ್ಲಿ ಯಾರು ಗಟ್ಟಿ, ಯಾರು ಟೊಳ್ಳು ಎಂದು ತಿಳಿಯುವ ದಾರಿ ಇರಲಿಲ್ಲವಲ್ಲ ಎಂಬ ನೋವಿನಲ್ಲೇ ಟಪ್ಪನ್ 1841ರಲ್ಲಿ 'ಮರ್ಕಂಟೈಲ್ ಏಜೆನ್ಸಿ' ತೆರೆದ. ಊರೂರಿನ ವಕೀಲರು ಅಲ್ಲಲ್ಲಿಯ ವ್ಯಾಪಾರಿಗಳ ಬಗ್ಗೆ ಗುಟ್ಟಾಗಿ ವರದಿ ಬರೆದು ಕಳಿಸುವುದು, ನ್ಯೂಯಾರ್ಕಿನ ಗುಮಾಸ್ತರು ಅದನ್ನು ದಪ್ಪ ದಪ್ಪ ಪುಸ್ತಕಗಳಿಗೆ ಇಳಿಸುವುದು, ಹಣ ಕೊಟ್ಟ ವರ್ತಕರಿಗೆ ಓದಿ ಹೇಳುವುದು. ಮುಂದೆ ಅಧ್ಯಕ್ಷನಾದ ಅಬ್ರಹಾಂ ಲಿಂಕನ್ ಕೂಡ ವಕೀಲನಾಗಿದ್ದಾಗ ಇಂಥ ವರದಿ ಬರೆದವನೇ. ಕೈಬರಹದ ಆ ಪುಸ್ತಕಗಳು 2,500ಕ್ಕೂ ಹೆಚ್ಚು ಸಂಪುಟ ಇಂದಿಗೂ ಹಾರ್ವರ್ಡ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಏನು ಬರೆಯುತ್ತಿದ್ದರು? ಆಸ್ತಿ, ಬಾಕಿ ಮಾತ್ರವಲ್ಲ. ಕುಡಿಯುತ್ತಾನೆಯೇ, ಹೆಂಡತಿಯ ಕಡೆಯವರು ಅನುಕೂಲಸ್ಥರೇ, ಚರ್ಚಿಗೆ ಹೋಗುತ್ತಾನೆಯೇ ಎಂಬುದನ್ನೂ ಬರೆಯುತ್ತಿದ್ದರು. ವಲಸೆ ಬಂದವರ ಪಾಡು ಅಲ್ಲೇ ಕೆಟ್ಟಿತು. ಜರ್ಮನಿಯಿಂದ ಬಂದು ಬೆನ್ನ ಮೇಲೆ ಗಂಟು ಹೊತ್ತು ಬಟ್ಟೆ ಮಾರಿ, ಕಡೆಗೊಂದು ಅಂಗಡಿ ಇಟ್ಟ ಯಹೂದಿಯ ಹೆಸರಿನ ಮುಂದೆ ಅವನು ಯಹೂದಿ ಎಂಬ ಒಂದು ಮಾತು ಬಿದ್ದರೆ, ಎಷ್ಟೋ ಸಲ ಉಳಿದ ವಿಚಾರವೆಲ್ಲ ಹಿಂದಕ್ಕೆ ಸರಿಯುತ್ತಿತ್ತು. ಗುಲಾಮರ ಬಿಡುಗಡೆಗೆ ದುಡಿದ ಮನುಷ್ಯ ಕಟ್ಟಿದ ಸಂಸ್ಥೆಯ ಪುಸ್ತಕದಲ್ಲಿ ಹೀಗೆ! ನ್ಯಾಯವಂತನ ಕೈಯಿಂದ ಹುಟ್ಟಿದ್ದೆಲ್ಲ ನ್ಯಾಯವಾಗಿಯೇ ನಡೆಯುತ್ತದೆ ಎಂಬ ಭ್ರಮೆ ನನಗೇನೂ ಇಲ್ಲ. ಆದರೂ ಇದನ್ನು ಓದಿದ ದಿನ ಮನಸ್ಸಿಗೆ ಕಸಿವಿಸಿಯಾಯಿತು.

ಪುಸ್ತಕದಲ್ಲಿ ಜಾಗ ಸಿಗದವರು ತಮ್ಮದೇ ದಾರಿ ಮಾಡಿಕೊಂಡರು. ಚೀನೀಯರು 'ಹುಯಿ' ಹಾಕಿದರು, ಜಪಾನಿಯರು 'ತನೊಮೊಶಿ' ಹಾಕಿದರು, ಕೊರಿಯಾದವರು 'ಕೇ' ಹಾಕಿದರು. ಹೆಸರು ಬೇರೆಯಾದರೂ ಹೂರಣ ಒಂದೇ: ನಮ್ಮ ಹೆಣ್ಣುಮಕ್ಕಳು ಹಾಕುವ ಚೀಟಿ, ಭಿಶಿ. ತಿಂಗಳಿಗೆ ಇಷ್ಟೆಂದು ಎಲ್ಲರೂ ಕಟ್ಟಿ, ಸರದಿಯಂತೆ ಒಬ್ಬರು ಗಂಟು ಎತ್ತುವುದು. ಎಷ್ಟೋ ಲಾಂಡ್ರಿಗಳು, ತರಕಾರಿ ಅಂಗಡಿಗಳು ಆ ಗಂಟಿನಿಂದ ಎದ್ದವು. ಗುಜರಾತದ ಪಟೇಲರು ಮೋಟೆಲುಗಳನ್ನು ಕೊಂಡದ್ದೂ ಬಹುಮಟ್ಟಿಗೆ ನೆಂಟರಿಷ್ಟರ ಕೈಗಡದಿಂದಲೇ, ಕಾಗದ ಪತ್ರವಿಲ್ಲದೆ. ಆದರೆ ಇದರಲ್ಲಿ ಒಂದು ಕೊರತೆ ಇತ್ತು. ಚೀಟಿಯನ್ನು ಹತ್ತು ವರ್ಷ ಒಂದು ದಿನ ತಪ್ಪದೆ ಕಟ್ಟಿದರೂ ಅದು ಹೊರಗಿನ ಯಾವ ದಫ್ತರಿಗೂ ಏರುತ್ತಿರಲಿಲ್ಲ. ನಿಮ್ಮವರ ನಡುವೆ ನೀವು ಸಾಹುಕಾರರು, ಬೀದಿ ದಾಟಿದರೆ ಅಪರಿಚಿತರು.

ಬೀದಿ ದಾಟಿಸಿದವನೆಂದು ನಾನು ಮೆಚ್ಚುವುದು ಅಮಡಿಯೊ ಜನ್ನೀನಿಯನ್ನು. ಇಟಲಿಯಿಂದ ಬಂದವರ ಮಗ; ಹುಟ್ಟಿದ್ದು 1870ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. 1904ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಟಾಲಿಯನ್ ಕೇರಿಯಲ್ಲಿ, ಹಿಂದೆ ಹೆಂಡದಂಗಡಿಯಾಗಿದ್ದ ಮನೆಯಲ್ಲಿ 'ಬ್ಯಾಂಕ್ ಆಫ್ ಇಟಲಿ' ತೆರೆದ. ಮೀನುಗಾರರು, ತರಕಾರಿ ಮಾರುವವರು, ಇಂಗ್ಲಿಷ್ ಬಾರದವರು ಅವನ ಗಿರಾಕಿಗಳು. 1906ರ ಏಪ್ರಿಲ್ 18ರಂದು ಭೂಕಂಪವಾಗಿ ಊರಿಗೆ ಊರೇ ಹೊತ್ತಿ ಉರಿದಾಗ, ಬ್ಯಾಂಕಿನ ಹಣವನ್ನು ತರಕಾರಿ ಬಂಡಿಯಲ್ಲಿ ಅಡಗಿಸಿ ಊರಾಚೆ ಸಾಗಿಸಿದ. ಉಳಿದ ಬ್ಯಾಂಕುಗಳು ಬೆಂಕಿಯಲ್ಲಿ ಕಾದ ತಿಜೋರಿ ಆರಲೆಂದು ಕಾಯುತ್ತಿದ್ದಾಗ, ಇವನು ಎರಡು ಪೀಪಾಯಿಗಳ ಮೇಲೆ ಹಲಗೆ ಇಟ್ಟು ಬಂದರಿನ ಕಟ್ಟೆಯ ಮೇಲೆ ಸಾಲ ಕೊಡಲು ಕುಳಿತ. ದಾಖಲೆಗಳು ಸುಟ್ಟುಹೋಗಿದ್ದವು. ಮುಖ ನೋಡಿ, ಒಂದು ಸಹಿ ತೆಗೆದುಕೊಂಡು ಕೊಟ್ಟ. ಅಂಗೈ ಜಡ್ಡುಗಟ್ಟಿದೆಯೇ ಎಂದು ನೋಡುತ್ತಿದ್ದನೆಂದೂ ಹೇಳುತ್ತಾರೆ. ಅದೇ 1904ರಲ್ಲಿ ನಮ್ಮ ದೇಶದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಒಬ್ಬರಿಗೊಬ್ಬರು ಗೊತ್ತಿಲ್ಲದ ಇಬ್ಬರು ಒಂದೇ ಸಮಯಕ್ಕೆ ಒಂದೇ ಗಂಟನ್ನು ಬಿಚ್ಚಲು ಕೂತದ್ದು ನನಗೆ ಪಾಠ ಮಾಡುವಾಗಲೆಲ್ಲ ಸೋಜಿಗವೆನಿಸುತ್ತದೆ.

ಜನ್ನೀನಿಯ ಬ್ಯಾಂಕು 1930ರಲ್ಲಿ 'ಬ್ಯಾಂಕ್ ಆಫ್ ಅಮೆರಿಕ' ಎಂಬ ಹೆಸರು ತಳೆಯಿತು. ಅವನು ತೀರಿಕೊಂಡ ಬಳಿಕ, 1958ರಲ್ಲಿ, ಅದೇ ಬ್ಯಾಂಕು ಫ್ರೆಸ್ನೊ ಊರಿನ ಸುಮಾರು 60,000 ಮಂದಿಗೆ ಅವರು ಕೇಳದಿದ್ದರೂ ಅಂಚೆಯಲ್ಲಿ ಕ್ರೆಡಿಟ್ ಕಾರ್ಡು ಕಳಿಸಿತು. ಇಂದಿನ ವೀಸಾ ಕಾರ್ಡಿನ ಮೂಲ ಅದೇ. ಮುಖ ನೋಡಿ ಸಾಲ ಕೊಟ್ಟವನ ಮನೆಯಿಂದಲೇ ಮುಖ ನೋಡದೆ ಸಾಲ ಕೊಡುವ ಪದ್ಧತಿಯೂ ಹೊರಟಿತು.

ಮುಖ ನೋಡದೆ ಕೊಡಬೇಕೆಂದರೆ ದಫ್ತರು ಬೇಕು. 1899ರಲ್ಲಿ ಅಟ್ಲಾಂಟಾದಲ್ಲಿ ಶುರುವಾದ 'ರಿಟೇಲ್ ಕ್ರೆಡಿಟ್ ಕಂಪನಿ'ಯಂಥವು ಜನಸಾಮಾನ್ಯರ ದಫ್ತರುಗಳನ್ನು ಬೆಳೆಸಿದ್ದವು. ನೆರೆಹೊರೆಯ ಚಾಡಿ ಮಾತೂ ಅದರಲ್ಲಿ ಸೇರುತ್ತಿತ್ತು. ಜನ ರೊಚ್ಚಿಗೆದ್ದ ಮೇಲೆ 1970ರಲ್ಲಿ ಕಾನೂನು ಬಂತು: ತನ್ನ ಬಗ್ಗೆ ಏನು ಬರೆದಿದೆ ಎಂದು ತಿಳಿಯುವ, ತಪ್ಪಿದ್ದರೆ ಪ್ರಶ್ನಿಸುವ ಹಕ್ಕು ದೊರೆಯಿತು. ಕೆಲವು ವರ್ಷಗಳಲ್ಲಿ ಆ ಕಂಪನಿ 'ಈಕ್ವಿಫ್ಯಾಕ್ಸ್' ಎಂದು ಹೆಸರು ಬದಲಿಸಿಕೊಂಡಿತು.

ಹೆಂಗಸರ ಕತೆ ಬೇರೆಯೇ. ಅಮೆರಿಕದಲ್ಲಿ ಎಲ್ಲ ಸಸೂತ್ರ ಎಂದುಕೊಂಡವರು ಇದನ್ನು ಗಮನಿಸಬೇಕು. ಸ್ವಂತ ಸಂಬಳವಿದ್ದ ಹೆಂಡತಿಗೂ ಗಂಡನ ಸಹಿ ಇಲ್ಲದೆ ಸಾಲ ಹುಟ್ಟುವುದು ಕಷ್ಟವಿತ್ತು. ಮಕ್ಕಳಾಗುವ ವಯಸ್ಸಿನವಳಾದರೆ ಅವಳ ಸಂಬಳವನ್ನು ಅರ್ಧಕ್ಕೆ ಎಣಿಸುವ ಸಾಲಗಾರ ಸಂಸ್ಥೆಗಳೂ ಇದ್ದವು. ಗಂಡ ತೀರಿಕೊಂಡರೆ, ಇಪ್ಪತ್ತು ವರ್ಷ ಇಬ್ಬರೂ ಸೇರಿ ಕಟ್ಟಿದ ಕಂತುಗಳೆಲ್ಲ ಅವನ ಹೆಸರಿನಲ್ಲೇ ಹೋಗಿಬಿಡುತ್ತಿದ್ದವು. 1974ರ ಕಾನೂನು ಹೆಣ್ಣು ಗಂಡು, ಮದುವೆ ಎಂಬ ಭೇದವನ್ನು ನಿಷೇಧಿಸಿತು. 1976ರ ತಿದ್ದುಪಡಿ ಜನಾಂಗ, ಧರ್ಮ, ಮೂಲದೇಶಗಳನ್ನು ಸೇರಿಸಿತು. ಟಪ್ಪನ್ನನ ಪುಸ್ತಕಗಳ ಆ ಒಂದು ಮಾತು ಕಾನೂನಿನ ಮಟ್ಟಿಗೆ ಅಳಿಸಿಹೋಗಲು 135 ವರ್ಷ ಹಿಡಿಯಿತು.

ಆಮೇಲೆ ಬಂದದ್ದು ಅಂಕಿ. ಬಿಲ್ ಫೇರ್ ಎಂಬ ಇಂಜಿನಿಯರ್, ಅರ್ಲ್ ಐಸಾಕ್ ಎಂಬ ಗಣಿತಜ್ಞ 1956ರಲ್ಲಿ ತಲಾ 400 ಡಾಲರು ಹಾಕಿ ತೆರೆದ ಕಂಪನಿ, 1989ರಲ್ಲಿ ಎಲ್ಲರಿಗೂ ಅನ್ವಯಿಸುವ ಅಂಕವನ್ನು ಹೊರತಂದಿತು. 300ರಿಂದ 850ರ ತನಕ. ಹಿಂದಿನ ಕಂತುಗಳನ್ನು ಸಮಯಕ್ಕೆ ಕಟ್ಟಿದ್ದಕ್ಕೆ ನೂರಕ್ಕೆ 35 ಪಾಲು, ಈಗಿರುವ ಬಾಕಿಗೆ 30, ಖಾತೆಗಳ ವಯಸ್ಸಿಗೆ 15, ಉಳಿದದ್ದು ಸಣ್ಣಪುಟ್ಟದ್ದಕ್ಕೆ. ಜಾತಿ, ಧರ್ಮ, ದೇಶ ಯಾವುದೂ ಇಲ್ಲ. ಆದರೆ ಸಂಬಳವೂ ಇಲ್ಲ, ಉಳಿತಾಯವೂ ಇಲ್ಲ! ತಿಜೋರಿ ತುಂಬ ಹಣವಿದ್ದು ಎಂದೂ ಸಾಲ ಮಾಡದವನಿಗೆ ಅಂಕವೇ ಹುಟ್ಟುವುದಿಲ್ಲ. ಕನಿಷ್ಠ ಆರು ತಿಂಗಳು ಹಳೆಯದಾದ ಒಂದು ಖಾತೆ ಬೇಕೇ ಬೇಕು. ವಲಸೆ ಬಂದವನು ಕೆಟ್ಟವನೆಂದು ಈ ಅಂಕಿ ಹೇಳುವುದಿಲ್ಲ. ಅವನು ಇದ್ದಾನೆಂದೇ ಹೇಳುವುದಿಲ್ಲ.

ನನ್ನ ಮಗಳಿಗೆ ಆದದ್ದು ಇದೇ. ಇಲ್ಲಿ ಪಿ.ಯು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದವಳು, ಸ್ಕೂಟಿಯ ಸಾಲವನ್ನು 24 ಕಂತುಗಳಲ್ಲಿ ಒಂದೂ ತಪ್ಪದೆ ತೀರಿಸಿದ್ದಳು. ಆ ದಾಖಲೆ ಮುಂಬಯಿಯ ಸಿಬಿಲ್ ಸಂಸ್ಥೆಯಲ್ಲಿತ್ತು, ಸಮುದ್ರ ದಾಟಲಿಲ್ಲ. ಎಚ್-4 ವೀಸಾದ ಹೆಂಡತಿಗೆ ಕೆಲಸ ಮಾಡುವ ಅಪ್ಪಣೆ ಇಲ್ಲ. ಅಪ್ಪಣೆ ಇಲ್ಲದವರಿಗೆ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲ. ಸಂಖ್ಯೆ ಇಲ್ಲದೆ ದಫ್ತರಿನಲ್ಲಿ ಹೆಸರು ಕೂರುವುದು ಕಷ್ಟ. ಮೂರು ವರ್ಷ ಮನೆ ಬಾಡಿಗೆ, ಕರೆಂಟು, ಕಾರು ಎಲ್ಲ ಅಳಿಯನ ಹೆಸರಿನಲ್ಲಿ. ಅಳಿಯ ಒಳ್ಳೆಯವನೇ, ಆ ಮಾತು ಬೇರೆ. 2015ರ ನಿಯಮದಂತೆ ಇಂಥ ಕೆಲವು ಹೆಂಡಂದಿರಿಗೆ ಕೆಲಸದ ಅಪ್ಪಣೆ ಸಿಗತೊಡಗಿತ್ತು. ಇವಳಿಗೆ ಸಿಕ್ಕಿದ್ದು 2019ರಲ್ಲಿ. ಬೇರೆ ಊರಿನಲ್ಲಿ ಪ್ರಯೋಗಾಲಯದ ಕೆಲಸವಾಯಿತು. ಅಲ್ಲಿ ಬಾಡಿಗೆ ಮನೆ ಕೇಳಲು ಹೋದರೆ, ಕಚೇರಿಯಲ್ಲಿ ಕಂಪ್ಯೂಟರು ನೋಡಿ 'ನಿಮ್ಮ ಬಗ್ಗೆ ಏನೂ ಇಲ್ಲ, ಗಂಡನ ಸಹಿ ಹಾಕಿಸಿ' ಎಂದರಂತೆ.

"ಕೆಟ್ಟದ್ದೈತಿ ಅಂದಿದ್ರ ಜಗಳಾ ಆಡ್ತಿದ್ದೆ ಅವ್ವಾ. ಏನೂ ಇಲ್ಲ ಅಂದ್ರ ಏನ್ ಮಾಡಬೇಕು?"

ಕಡೆಗೆ ಅವಳಿಗೆ ಕೋಣೆ ಕೊಟ್ಟವರು ಒಬ್ಬ ಗುಜರಾತಿ ಅಜ್ಜಿ. ಕಂಪ್ಯೂಟರು ನೋಡಲಿಲ್ಲ, ಊರು ಯಾವುದು, ತಾಯಿ ಏನು ಮಾಡುತ್ತಾಳೆ ಎಂದು ಕೇಳಿದರಂತೆ. ನನ್ನ ಮಾಸ್ತರಿಕೆ ಅಲ್ಲಿಯವರೆಗೆ ಉಪಯೋಗಕ್ಕೆ ಬಂತು. ಆದರೆ ಆ ಬಾಡಿಗೆ ದಫ್ತರಿಗೆ ಏರುವಂಥದ್ದಲ್ಲ. ಅದಕ್ಕಾಗಿ ಅವಳು ಒಂದು ಬ್ಯಾಂಕಿನಲ್ಲಿ 300 ಡಾಲರು ಒತ್ತೆ ಇಟ್ಟು 300 ಡಾಲರಿನ ಕಾರ್ಡು ಪಡೆದಳು. ತನ್ನ ಹಣವನ್ನು ತಾನೇ ಒತ್ತೆ ಇಟ್ಟು ತಾನೇ ಸಾಲ ಪಡೆಯುವುದು! ಅವಳ ಅಪ್ಪನಿಗೆ ಇದನ್ನು ತಿಳಿಸಿ ಹೇಳಲು ನನಗೆ ಒಂದು ಸಂಜೆ ಹಿಡಿಯಿತು. ತಿಂಗಳಿಗೆ 60 ಡಾಲರಿನ ತರಕಾರಿಯನ್ನಷ್ಟೇ ಆ ಕಾರ್ಡಿನಲ್ಲಿ ಕೊಳ್ಳುತ್ತಿದ್ದಳು, ಏಕೆಂದರೆ ಮಿತಿಯ ಹತ್ತಿರ ಹೋದರೆ ಅಂಕ ಇಳಿಯುತ್ತದೆ. ಬಿಲ್ಲು ಬಂದ ಕೂಡಲೇ ಪೂರ್ತಿ ಕಟ್ಟುತ್ತಿದ್ದಳು. ಆರು ತಿಂಗಳು ದಾಟಿದ ಮೇಲೆ ಅವಳ ಹೆಸರಿನ ಮುಂದೆ ಒಂದು ಅಂಕಿ ಮೂಡಿತು. ವರ್ಷದ ಬಳಿಕ ಬ್ಯಾಂಕು ಒತ್ತೆಯನ್ನು ಹಿಂದಿರುಗಿಸಿತು.

2021ರಲ್ಲಿ ಒಂದು ಹಳೆಯ ಕಾರು ಕೊಂಡಳು. ಸಾಲದ ಕಾಗದದ ಫೋಟೋ ಕಳಿಸಿದ್ದಳು. ಸಾಲ ಪಡೆದವರು ಎಂಬಲ್ಲಿ ಅವಳೊಬ್ಬಳದೇ ಹೆಸರು, ನಾವಿಟ್ಟ ಪೂರ್ತಿ ಹೆಸರು, ಒಂದು ಅಕ್ಷರ ತಪ್ಪಿಲ್ಲದೆ. ಅವಳಪ್ಪ ಕನ್ನಡಕ ಏರಿಸಿ ನೋಡಿ, ಕಂತು ಎಷ್ಟು ಎಂದು ಕೇಳಿದರು. ಅರವತ್ತು ಎಂದೆ.