ರಾಳದೊಳಗಿನ ಬಟ್ಟಲು

ಹಳೆಯ ಮನೆಗಳ ಗೋಡೆಯ ಮೇಲಿನ ಕಪ್ಪು ಸ್ವಿಚ್ಚು, ಬಲ್ಬಿನ ಹೋಲ್ಡರು, ಅಡುಗೆಮನೆಯ ಕುಕ್ಕರಿನ ಹಿಡಿ, ಇವೆಲ್ಲ ಬೇಕಲೈಟಿನವು. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿ ಆಗುವ ಪ್ಲಾಸ್ಟಿಕ್ ಎಂದು ನಾವೆಲ್ಲ ಓದಿದ್ದೇವೆ. ಅದೇ ಪಾತ್ರೆಯಲ್ಲಿ ಅಡಗಿ ಕುಳಿತಿದ್ದ ಇನ್ನೊಂದು ವಸ್ತುವಿನ ಕಥೆ ಮಾತ್ರ ಪಾಠದಲ್ಲಿ ಇರಲಿಲ್ಲ. ಬಿ.ಇ. ಮೊದಲ ವರ್ಷಕ್ಕೇ ರಸಾಯನಶಾಸ್ತ್ರಕ್ಕೆ ಕೈಮುಗಿದ ಸಾಫ್ಟ್‌ವೇರ್ ಎಂಜಿನಿಯರ್ ನಾನು. ಆದರೂ ಈ ಇತಿಹಾಸ ನನ್ನ ವೃತ್ತಿಗೆ ಬಹಳ ಹತ್ತಿರದ್ದೆನಿಸಿ ಶಾಲೆಯ ಈ ಸಂಚಿಕೆಗೆ ಬರೆಯುತ್ತಿದ್ದೇನೆ.

1872ರಲ್ಲಿ ಜರ್ಮನ್ ವಿಜ್ಞಾನಿ ಅಡಾಲ್ಫ್ ಫಾನ್ ಬೇಯರ್ ಫೀನಾಲನ್ನು ಆಲ್ಡಿಹೈಡುಗಳ ಜೊತೆ ಸೇರಿಸಿ ನೋಡಿದರು. ಸಿಕ್ಕಿದ್ದು ರಾಳದಂಥ ಅಂಟು. ಹರಳುಗಟ್ಟದ ವಸ್ತುವನ್ನು ಶುದ್ಧಮಾಡಿ ಅದರ ರಚನೆ ತಿಳಿಯುವ ಉಪಾಯ ಆಗ ಇರಲಿಲ್ಲ. ಮುಂದೆ ನೊಬೆಲ್ ಪಡೆದ ಆ ಮಹಾನುಭಾವರೂ ಅದನ್ನು ಅಲ್ಲಿಗೇ ಬಿಟ್ಟರು. ಬೆಲ್ಜಿಯಂನಿಂದ ಅಮೆರಿಕಕ್ಕೆ ಹೋದ ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಶಾಖ ಮತ್ತು ಒತ್ತಡವನ್ನು ಹದದಲ್ಲಿಟ್ಟು ಅದೇ ಅಂಟನ್ನು ಗಟ್ಟಿ ಪ್ಲಾಸ್ಟಿಕ್ ಮಾಡಿ ಹಣವನ್ನೂ ಹೆಸರನ್ನೂ ಗಳಿಸಿದರು. ಆದರೆ ಆ ಗಟ್ಟಿಯ ಒಳಗೆ ಏನಾಗುತ್ತಿದೆ ಎಂಬ ಪ್ರಶ್ನೆ ಉಳಿದೇ ಇತ್ತು.

ಆ ಪ್ರಶ್ನೆಯನ್ನು ಹಿಡಿದವರು ಆಸ್ಟ್ರಿಯಾದ ಗ್ರಾಜ್ ನಗರದ ಅಲೋಯಿಸ್ ಜಿಂಕೆ ಮತ್ತು ಎರಿಕ್ ಜೀಗ್ಲರ್. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ನಾಯಕರು ಇವರೇ. ಫೀನಾಲಿಗೆ ಪಕ್ಕದವರನ್ನು ಹಿಡಿಯಲು ಮೂರು ಕೈಗಳಿವೆ ಎಂದುಕೊಳ್ಳಿ. ಮೂರೂ ಕೈ ಚಾಚಿದರೆ ದಿಕ್ಕುದಿಕ್ಕಿಗೆ ಬಲೆ ಹೆಣೆದುಕೊಂಡು ಬೇಕಲೈಟ್ ಆಗುತ್ತದೆ. ಇದು ತೀರ ಸಿಕ್ಕಾದ್ದರಿಂದ ಒಂದು ಕೈಯನ್ನು ಮೊದಲೇ ಕಟ್ಟಿಹಾಕಿದ ಫೀನಾಲನ್ನು ಅವರು ಆರಿಸಿಕೊಂಡರು. ಎರಡೇ ಕೈ ಇದ್ದರೆ ಸಾಲಾಗಿ ನಿಲ್ಲಬಹುದು, ಇಲ್ಲವೇ ಕೋಲಾಟದವರ ಹಾಗೆ ವೃತ್ತವಾಗಬಹುದು. ಮಿಶ್ರಣವನ್ನು ಅಗಸೆ ಎಣ್ಣೆಯಲ್ಲಿ ಹಾಕಿ 200 ಡಿಗ್ರಿವರೆಗೆ ಕಾಯಿಸಿದಾಗ, 300 ಡಿಗ್ರಿ ದಾಟಿದರೂ ಕರಗದ ಹರಳು ಸಿಕ್ಕಿತು. ನಾಲ್ಕು ಫೀನಾಲುಗಳ ವೃತ್ತ ಇದು ಎಂದು 1940ರ ದಶಕದಲ್ಲಿ, ಯುದ್ಧದ ಕಾಲದಲ್ಲಿ, ಅವರು ಊಹಿಸಿದರು.

1950ರ ದಶಕದಲ್ಲಿ ಲಂಡನ್ನಿನಲ್ಲಿ ಜಾನ್ ಕಾರ್ನ್‌ಫೋರ್ತ್ ಕ್ಷಯರೋಗದ ಔಷಧಿ ಹುಡುಕುತ್ತ ಅದೇ ಪ್ರಯೋಗ ಮಾಡಿದರು. (ಎಳೆಯ ವಯಸ್ಸಿನಲ್ಲೇ ಕಿವಿ ಕೇಳದಂತಾಗಿ, ಓದಿಯೇ ಎಲ್ಲವನ್ನೂ ಕಲಿತು 1975ರಲ್ಲಿ ನೊಬೆಲ್ ಪಡೆದ ಇವರ ಬದುಕಿಗೇ ಬೇರೆ ಲೇಖನ ಬೇಕು.) ಜಿಂಕೆ ಒಂದು ವಸ್ತು ಕಂಡ ಕಡೆ ಇವರಿಗೆ ಎರಡು ಸಿಕ್ಕವು. ಒಂದೇ ವೃತ್ತ ಬೇರೆಬೇರೆ ರೀತಿ ಬಾಗಿರಬೇಕು ಎಂದುಕೊಂಡರು. ನಿಜಸಂಗತಿ ಬೇರೆಯೇ ಇತ್ತು. ಆ ಪಾತ್ರೆಯಲ್ಲಿ ನಾಲ್ಕರ, ಆರರ, ಎಂಟರ ವೃತ್ತಗಳು ಹುಟ್ಟುತ್ತಿದ್ದವು. ಒಂದೇ ಪ್ರೋಗ್ರಾಂ ಒಮ್ಮೊಮ್ಮೆ ಒಂದೊಂದು ಉತ್ತರ ಕೊಟ್ಟರೆ ನಮ್ಮವರು ರಾತ್ರಿಯೆಲ್ಲ ಕಣ್ಣು ಕೆಂಪು ಮಾಡಿಕೊಳ್ಳುತ್ತೇವಲ್ಲ, ಅದೇ ಪಾಡು.

ಗಂಟು ಬಿಚ್ಚಿದ್ದು 1970ರ ದಶಕದಲ್ಲಿ, ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಗುಟ್ಶೆ ಕಿಣ್ವಗಳ ಹಾಗೆ ಇನ್ನೊಂದು ಅಣುವನ್ನು ಒಡಲಲ್ಲಿ ಹಿಡಿಯಬಲ್ಲ ಅಣುವಿಗಾಗಿ ಹುಡುಕುತ್ತಿದ್ದರು. ಅದೇ ಊರಿನ ಪೆಟ್ರೋಲೈಟ್ ಕಂಪನಿ, ಕಚ್ಚಾ ತೈಲದಿಂದ ನೀರನ್ನು ಬೇರ್ಪಡಿಸುವ ದ್ರಾವಣವನ್ನು ಇದೇ ಬಗೆಯ ರಾಳದಿಂದ ಮಾಡುತ್ತಿತ್ತು. ಆ ದ್ರಾವಣದಲ್ಲಿ ಕರಗದೆ ತಳದಲ್ಲಿ ಕೂತು ತೊಂದರೆ ಕೊಡುತ್ತಿದ್ದ ಗಷ್ಟು ಬೇರೇನಲ್ಲ, ಈ ವೃತ್ತಾಕಾರದ ಅಣುಗಳೇ! ಶಾಖವನ್ನೂ ಕ್ಷಾರದ ಪ್ರಮಾಣವನ್ನೂ ಬದಲಿಸುತ್ತ ನಾಲ್ಕು, ಆರು, ಎಂಟರ ವೃತ್ತಗಳನ್ನು ಬೇಕೆಂದಾಗ ಬೇರೆಬೇರೆಯಾಗಿ ಪಡೆಯುವ ವಿಧಾನವನ್ನು ಗುಟ್ಶೆ ಅವರ ತಂಡ ರೂಪಿಸಿತು. ಗ್ರೀಕರ ಅಗಲಬಾಯಿಯ ಹೂಜಿಯ ಆಕಾರ ನೆನಪಿಸಿದ್ದರಿಂದ 'ಕ್ಯಾಲಿಕ್ಸರೀನ್' ಎಂದು ಹೆಸರಿಟ್ಟರು. ನಮ್ಮ ಕಣ್ಣಿಗೆ ಅದು ಬಟ್ಟಲೇ: ಕಿರಿದಾದ ತಳದಲ್ಲಿ ಆಮ್ಲಜನಕ-ಜಲಜನಕದ ಜೋಡಿಗಳು ಒಂದನ್ನೊಂದು ಬಿಗಿಹಿಡಿದಿರುತ್ತವೆ, ಮೇಲೆ ಅಗಲವಾದ ಬಾಯಿ.

1979ರಲ್ಲಿ ಇಟಲಿಯ ಪಾರ್ಮಾದ ವಿಜ್ಞಾನಿಗಳು ನಾಲ್ಕರ ವೃತ್ತದ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ ನೋಡಿದಾಗ ಬಟ್ಟಲೂ ಕಂಡಿತು, ಅದರೊಳಗೆ ಕೂತ ಟಾಲೂಯಿನ್ ಅಣುವೂ ಕಂಡಿತು. ಜಿಂಕೆಯವರ ನಾಲ್ಕರ ಊಹೆಗೆ ಕಣ್ಣಾರೆ ಕಾಣುವ ಸಾಕ್ಷಿ ಒದಗಿತು. ಹೀಗೆ ಅತಿಥಿಯನ್ನು ಹಿಡಿದಿಡುವ ಅಣುಗಳ ಕೆಲಸಕ್ಕಾಗಿ 1987ರ ನೊಬೆಲ್ ಪೆಡರ್ಸನ್, ಕ್ರ್ಯಾಮ್ ಮತ್ತು ಲೆನ್ ಅವರಿಗೆ ಸಂದಿತು. ಆ ಪಟ್ಟಿಯಲ್ಲಿ ಗುಟ್ಶೆ ಇಲ್ಲ.

ಇದರಿಂದ ಏನುಪಯೋಗ ಎಂದು ಕೇಳುವವರಿಗೆ ಸವಾನ್ನಾ ನದಿಯ ದಡ ತೋರಿಸಬೇಕು. ಅಮೆರಿಕದ ದಕ್ಷಿಣ ಕೆರೊಲಿನಾದ ಆ ಜಾಗದಲ್ಲಿ ಅಣ್ವಸ್ತ್ರ ತಯಾರಿಕೆಯ ವಿಕಿರಣ ತ್ಯಾಜ್ಯ ದೊಡ್ಡ ದೊಡ್ಡ ಟ್ಯಾಂಕುಗಳಲ್ಲಿ ತುಂಬಿದೆ. ಅದರಲ್ಲಿ ಸೋಡಿಯಂ ಅಪಾರ, ಅಪಾಯಕಾರಿ ಸೀಸಿಯಂ ಅತ್ಯಲ್ಪ. ಸೋಡಿಯಮ್ಮನ್ನು ಬಿಟ್ಟು ಸೀಸಿಯಮ್ಮನ್ನಷ್ಟೇ ಹಿಡಿಯಲು, ನಾಲ್ಕರ ಕ್ಯಾಲಿಕ್ಸರೀನಿಗೆ ಪೆಡರ್ಸನ್ನರ ಕಿರೀಟದಾಕಾರದ ಉಂಗುರಗಳನ್ನು ಜೋಡಿಸಿದ ಅಣುವೊಂದನ್ನು ಓಕ್ ರಿಡ್ಜ್ ಪ್ರಯೋಗಾಲಯದವರು ಬಳಸಿದರು. 2008ರಲ್ಲಿ ಅಲ್ಲಿ ಘಟಕ ಶುರುವಾಯಿತು. ಸೀಸಿಯಂ ಹಿಡಿದ ದ್ರಾವಣವನ್ನು ತೆಳು ಆಮ್ಲದಿಂದ ತೊಳೆದರೆ ಅದು ಹಿಡಿದದ್ದನ್ನು ಬಿಟ್ಟುಕೊಡುತ್ತದೆ, ಖಾಲಿ ಅಣುಗಳು ಮತ್ತೆ ಟ್ಯಾಂಕಿನ ತ್ಯಾಜ್ಯದ ಕಡೆಗೆ ಹೊರಡುತ್ತವೆ.