ಚಕ್ಕುಬಂದಿಯಲ್ಲಿ ಉಳಿದ ತೋಟಗಳು

ಮೂವತ್ತೊಂದು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿದವನು ನಾನು. ನಿವೃತ್ತನಾಗಿ ಒಂಬತ್ತು ವರ್ಷವಾದರೂ ಕಣ್ಣಿನ ಚಾಳಿ ಹೋಗಿಲ್ಲ. ಬಸ್ಸಿನಲ್ಲಿ ಕೂತರೂ ರಸ್ತೆ ಎಲ್ಲಿ ಇಳಿಯಿತು, ಎಲ್ಲಿ ಏರಿತು ಎಂದೇ ನೋಡುತ್ತಿರುತ್ತೇನೆ. ಮೊಮ್ಮಗಳು ನಗುತ್ತಾಳೆ: "ತಾತ, ನೀರು ಹರಿಯೋ ದಿಕ್ಕು ನೋಡ್ಕೊಂಡು ಯಾರಾದ್ರೂ ಊರು ಸುತ್ತುತ್ತಾರಾ?" ನಾನು ಸುತ್ತುತ್ತೇನೆ. ಬೆಂಗಳೂರಿನ ಹಳೇ ತೋಟಗಳನ್ನು ಹುಡುಕಲು ನನಗೆ ಗೊತ್ತಿರುವ ದಾರಿ ಅದೊಂದೇ.

ನಮ್ಮ ಇಲಾಖೆಯ ಲೆಕ್ಕದಲ್ಲಿ ನೆಲಕ್ಕೆ ಮೂರು ಜಾತಿ. ಮಳೆಯನ್ನೇ ನಂಬಿದ್ದು ಖುಷ್ಕಿ, ಕೆರೆ ಕಾಲುವೆಯ ನೀರುಂಡ ಗದ್ದೆ ತರಿ, ತೋಟ ಬಾಗಾಯ್ತು. ಲಾಲ್‌ಬಾಗಿನ ‘ಬಾಗ್’ ಬೇರೆಯಲ್ಲ, ಬಾಗಾಯ್ತಿನೊಳಗಿನ ‘ಬಾಗ್’ ಬೇರೆಯಲ್ಲ. ಎರಡೂ ಪಾರಸಿಯಿಂದ ಬಂದ ಒಂದೇ ಮಾತು. ಒಂದಕ್ಕೆ ಟಿಕೆಟ್ಟು, ಇನ್ನೊಂದಕ್ಕೆ ಕಂದಾಯ, ಅಷ್ಟೇ ವ್ಯತ್ಯಾಸ. ಬೆಂಗಳೂರಿಗೆ ಉದ್ಯಾನನಗರಿ ಎಂಬ ಹೆಸರು ಬಂದದ್ದು ಟಿಕೆಟ್ಟಿನ ತೋಟಗಳಿಂದ ಎಂದು ಎಲ್ಲರೂ ನಂಬಿದ್ದಾರೆ. ನನ್ನ ಲೆಕ್ಕದಲ್ಲಿ ಆ ಹೆಸರನ್ನು ದುಡಿದು ಸಂಪಾದಿಸಿದ್ದು ಕಂದಾಯ ಕಟ್ಟಿದ ತೋಟಗಳು: ಕೆರೆ ಏರಿಯ ಕೆಳಗೆ ಸೊಪ್ಪು, ಹೂವು, ತರಕಾರಿ ಬೆಳೆದು ಬೆಳಗಾಗುವ ಮೊದಲೇ ಪೇಟೆಗೆ ಹೊತ್ತು ತಂದವರ ತುಂಡು ಜಮೀನುಗಳು.

ಪೇಟೆಯಿಂದಲೇ ಶುರು ಮಾಡೋಣ. ಅಕ್ಕಿಪೇಟೆ, ಅರಳೇಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಲ್ಲವೂ ಕಸುಬಿನ ಇಲ್ಲವೇ ಸರಕಿನ ಹೆಸರುಗಳು. ಅವುಗಳ ನಡುವೆ ಬಳೇಪೇಟೆಯ ಮಗ್ಗುಲಲ್ಲಿ ಇದ್ದಕ್ಕಿದ್ದಂತೆ ಒಂದು ತುಳಸಿ ತೋಟ. ಅಲ್ಲೊಂದು ಪಾರ್ಕು, ಹೆಸರು ಚಿಕ್ಕ ಲಾಲ್‌ಬಾಗ್. ಮೆಜೆಸ್ಟಿಕ್ಕಿನಿಂದ ನಡೆದು ಹೋಗುವಷ್ಟು ಹತ್ತಿರ. ಆದರೂ ದಿನಾ ಬಸ್ಸು ಹತ್ತಿ ಇಳಿಯುವವರಲ್ಲಿ ನೂರಕ್ಕೆ ತೊಂಬತ್ತು ಜನ ಅದರೊಳಗೆ ಕಾಲಿಟ್ಟಿರಲಾರರು. ಸೀರೆ ಗಂಟು ಹೊತ್ತ ಹಮಾಲಿಗಳು, ಲಾಡ್ಜು ಖಾಲಿ ಮಾಡಿ ರಾತ್ರಿ ಬಸ್ಸಿಗೆ ಕಾಯುವವರು, ಊಟದ ಡಬ್ಬಿ ಬಿಚ್ಚುವ ಅಂಗಡಿ ಹುಡುಗರು ಅದರ ಗಿರಾಕಿಗಳು. ಎದುರಿಗಿರುವ ಬಸ್ ನಿಲ್ದಾಣ ಹಿಂದೆ ಧರ್ಮಾಂಬುಧಿ ಕೆರೆ. ಕೆರೆಗೆ ಕೂಗಳತೆ ದೂರದಲ್ಲಿ ತೋಟವೆಂಬ ಹೆಸರಿದ್ದರೆ ಸರ್ವೆಯವನಿಗೆ ಬೇರೆ ಶಾಸನ ಬೇಕಿಲ್ಲ.

ದೊಡ್ಡ ಲಾಲ್‌ಬಾಗಿನ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸುತ್ತೇನೆ. 1760ರಲ್ಲಿ ಹೈದರಾಲಿ ಸುಮಾರು 40 ಎಕರೆಯಲ್ಲಿ, ನಮ್ಮ ಭಾಷೆಯಲ್ಲಿ 1600 ಗುಂಟೆಯಲ್ಲಿ, ಶುರು ಮಾಡಿದ್ದು. 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಈಗ 240 ಎಕರೆ. 1874ರಿಂದ 1908ರವರೆಗೆ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಕಾಲದಲ್ಲಿ ಬಂದ ಸೀಮೆಬದನೆ ಇಲ್ಲಿನ ತೋಟಗಳಿಗೆ ಎಷ್ಟು ಒಗ್ಗಿತೆಂದರೆ ತಮಿಳರು ಅದನ್ನು ಇವತ್ತಿಗೂ ಬೆಂಗಳೂರು ಕತ್ತರಿಕಾಯಿ ಎನ್ನುತ್ತಾರೆ, ತೆಲುಗರು ಬೆಂಗಳೂರು ವಂಕಾಯ ಎನ್ನುತ್ತಾರೆ. ನಾವು ಮಾತ್ರ ಅದನ್ನು ಸೀಮೆಯದೆಂದು ದೂರವೇ ಇಟ್ಟಿದ್ದೇವೆ!

ನನಗೆ ಹೆಚ್ಚು ಇಷ್ಟವಾದದ್ದು ಅದಕ್ಕೂ ಹಿಂದಿನ ಒಂದು ದಾಖಲೆ. ಟಿಪ್ಪು ಸತ್ತ ಮರುವರ್ಷ, 1800ರ ಮೇ ತಿಂಗಳಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ಕಂಪನಿಯ ವೈದ್ಯ ಬೆಂಗಳೂರಿಗೆ ಬಂದ. ಅಪ್ಪ ಮಗ ಇಬ್ಬರ ತೋಟಗಳನ್ನೂ ಸುತ್ತಿ ನೋಡಿದ. ಚೌಕ ಚೌಕದ ಮಡಿಗಳು, ನಡುವೆ ಓಡಾಡುವ ದಾರಿ, ದಾರಿಯ ಅಂಚಿಗೆ ಸೈಪ್ರಸ್ ಮರ. ಒಂದೊಂದು ಮಡಿಗೆ ಒಂದೊಂದೇ ಗಿಡ: ಇಲ್ಲಿ ಗುಲಾಬಿಯಾದರೆ ಗುಲಾಬಿಯೇ, ಅಲ್ಲಿ ದಾಳಿಂಬೆಯಾದರೆ ದಾಳಿಂಬೆಯೇ. ಇಷ್ಟನ್ನು ಯಾವ ಪ್ರವಾಸಿಯಾದರೂ ಬರೆದಾನು. ಆದರೆ ಬುಕಾನನ್ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದ. ಹೈದರನ ತೋಟಕ್ಕೆ ಮೂರು ಬಾವಿ, ಎತ್ತು ಕಟ್ಟಿದ ಕಪಿಲೆ. ಟಿಪ್ಪುವಿನ ತೋಟಕ್ಕೆ ಕೆರೆಯ ನೀರು, ಯಾವ ಯಂತ್ರವೂ ಇಲ್ಲದೆ ತಾನಾಗಿ ಇಳಿದು ಬರುತ್ತಿತ್ತು. ಏತಕ್ಕಿಂತ ಕಪಿಲೆಯೇ ವಾಸಿ ಎಂದು ತೋಟದಾಳುಗಳು ಹೇಳಿದ್ದನ್ನೂ ಬಿಡದೆ ಬರೆದುಕೊಂಡ. ಅಪ್ಪ ನೀರನ್ನು ಎತ್ತಿಸಿದ, ಮಗ ಇಳಿಸಿಕೊಂಡ. ಮಟ್ಟ ಹಿಡಿದು ನೋಡುವ ಕಸುಬಿನವನಿಗೆ ಇದಕ್ಕಿಂತ ರುಚಿಯಾದ ಚರಿತ್ರೆ ಸಿಗುವುದು ಕಷ್ಟ.

ಕಪಿಲೆ ನೋಡದವರಿಗಾಗಿ ಎರಡು ಮಾತು. ಬಾವಿಯ ಬಾಯಲ್ಲಿ ಎರಡು ಕಲ್ಲುಕಂಬ, ಅವುಗಳ ತೂತಿಗೆ ಅಡ್ಡ ಅಚ್ಚು, ಅಚ್ಚಿಗೆ ರಾಟೆ. ಹಗ್ಗದ ಒಂದು ತುದಿಗೆ ಚರ್ಮದ ಚೀಲ, ಇನ್ನೊಂದು ತುದಿಗೆ ಜೋಡಿ ಎತ್ತು. ಬಾವಿಯಿಂದ ಹೊರಕ್ಕೆ ಒಂದು ಇಳಿಜಾರು ದಾರಿ. ಎತ್ತುಗಳು ಇಳಿದಂತೆ ಚೀಲ ಮೇಲೇರಿ ತೊಟ್ಟಿಗೆ ಸುರಿಯುತ್ತದೆ. ಎತ್ತುಗಳು ಹಿಮ್ಮೆಟ್ಟಿ ಬಂದರೆ ಚೀಲ ಮತ್ತೆ ನೀರಿಗೆ. ಇಳಿಜಾರಿನಲ್ಲಿ ಎತ್ತಿನ ಮೈಭಾರವೂ ಕೆಲಸಕ್ಕೆ ಬರುತ್ತದೆ, ಅದೇ ಅದರ ಜಾಣತನ.

ಕೆಲಸದಲ್ಲಿದ್ದಾಗ ದಕ್ಷಿಣ ಬೆಂಗಳೂರಿನ ಒಂದು ಓಣಿಯಲ್ಲಿ ನನಗೆ ಅಂಥ ಜೋಡಿ ಕಂಬ ಸಿಕ್ಕಿತ್ತು. ಬಾವಿ ಮುಚ್ಚಿ ಹೋಗಿತ್ತು. ಕಂಬ ಮಾತ್ರ ಆಳೆತ್ತರ, ಸೊಂಟ ಮುರಿಯದೆ ನಿಂತಿದ್ದವು. ತೂತಿನ ಒಳಮೈ ಅಚ್ಚು ತಿಕ್ಕಿ ತಿಕ್ಕಿ ಗಾಜಿನಷ್ಟು ನುಣುಪಾಗಿತ್ತು. ಹೆಬ್ಬೆರಳಿನಿಂದ ಸವರಿದೆ. ಕೆಳಭಾಗ ಮೇಲ್ಭಾಗಕ್ಕಿಂತ ಹೆಚ್ಚು ಸವೆದಿತ್ತು, ಭಾರವೆಲ್ಲ ಅಲ್ಲೇ ಕೂತದ್ದರಿಂದ. ಪಕ್ಕದ ಮನೆಯವರು ಎರಡು ತೂತಿಗೂ ನೈಲಾನ್ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ನಾನು ಟೇಪು ಹಿಡಿದು ನಿಂತದ್ದು ಕಂಡು ಆ ಮನೆಯ ಹೆಂಗಸು ಹೊರಗೆ ಬಂದು, "ಏನ್ ಸಾರ್, ಮತ್ತೆ ರೋಡ್ ಅಗಲ ಮಾಡ್ತಾರಾ?" ಎಂದರು. ಸರ್ವೆಯವನನ್ನು ಕಂಡರೆ ಈ ಊರಿನಲ್ಲಿ ಜನಕ್ಕೆ ಹೊಳೆಯುವ ಮೊದಲ ಪ್ರಶ್ನೆ ಅದು.

ಆ ನೀರು ಎತ್ತಿದವರು, ತೂಬು ಬಿಟ್ಟಾಗ ಕಾಲುವೆ ತಿರುಗಿಸಿದವರು ಬಹುಪಾಲು ತಿಗಳರು. ಅವರ ಹೆಸರಿನಲ್ಲಿ ಒಂದು ಪೇಟೆಯೇ ಇದೆ. ಅಲ್ಲಿ ಧರ್ಮರಾಯಸ್ವಾಮಿ ದೇವಸ್ಥಾನ. ಚೈತ್ರದ ಹುಣ್ಣಿಮೆ ರಾತ್ರಿ ಅಲ್ಲಿಂದಲೇ ಕರಗ ಹೊರಡುತ್ತದೆ. ಕತ್ತಿ ಹಿಡಿದ ವೀರಕುಮಾರರ ನಡುವೆ, ಹೆಣ್ಣುಡುಗೆ ತೊಟ್ಟ ಗಂಡಸಿನ ತಲೆಯ ಮೇಲೆ ಗೋಪುರದಂತೆ ಏರಿಸಿದ ಮಲ್ಲಿಗೆ. ಜನ ದ್ರೌಪದಿಯನ್ನು ನೋಡುತ್ತಾರೆ, ಅರಳೇಪೇಟೆಯ ಆಚೆ ಕಾಟನ್‌ಪೇಟೆಯ ಮಸ್ತಾನ್ ಸಾಹೇಬರ ದರ್ಗಾದಲ್ಲಿ ಕರಗ ನಿಲ್ಲುವುದನ್ನು ನೋಡುತ್ತಾರೆ. ನಾನು ನೋಡುವುದು ಮಲ್ಲಿಗೆಯನ್ನು ಮತ್ತು ನೀರನ್ನು. ಹೂವು ಬೆಳೆಯುವ ಕುಲ ವರ್ಷಕ್ಕೊಮ್ಮೆ ಹೂವನ್ನೇ ತಲೆಯ ಮೇಲೆ ಹೊತ್ತು ಊರು ಸುತ್ತುತ್ತದೆ. ಅದಕ್ಕೂ ಮೊದಲು, ಹಸಿ ಕರಗಕ್ಕೆಂದು, ಸಂಪಂಗಿ ಕೆರೆಯ ಕಡೆ ಹೋಗಿ ಬರುತ್ತದೆ.

ಸಂಪಂಗಿ ಕೆರೆ ಎಲ್ಲಿ ಎಂದು ಕೇಳಿದರೆ ಕಂಠೀರವ ಕ್ರೀಡಾಂಗಣ ತೋರಿಸಬೇಕು. ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆ ಒಂದೇ ಏಟಿಗೆ ಸಾಯಲಿಲ್ಲ. 1896ರಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ನಲ್ಲಿ ತಿರುಗಿಸಿದರೆ ನೀರು ಬೀಳುವಾಗ ಕುಡಿಯುವುದಕ್ಕೆ ಕೆರೆ ಯಾಕೆ? ಊರಿನ ಕಣ್ಣಿನಲ್ಲಿ ಅದರ ಬೆಲೆ ಅಂದೇ ಇಳಿಯಿತು. ಆಮೇಲೆ ಒಂದೇ ಕೆರೆಗೆ ಎಷ್ಟೊಂದು ವಾರಸುದಾರರು! ತಿಗಳರಿಗೆ ತೋಟಕ್ಕೆ ನೀರು ನಿಲ್ಲಬೇಕಿತ್ತು. ಇಟ್ಟಿಗೆ ಸುಡುವವರಿಗೆ ಅಂಗಳದ ಮಣ್ಣು ಬೇಕಿತ್ತು. ಪೋಲೋ ಆಡುವವರಿಗೆ ಒಣನೆಲ ಬೇಕಿತ್ತು. ತಗ್ಗಿನ ಬಂಗಲೆಗಳವರಿಗೆ ಮಳೆಗಾಲದಲ್ಲಿ ನೀರು ನುಗ್ಗದಿದ್ದರೆ ಸಾಕಿತ್ತು. ಯಾರ ಮಾತು ನಡೆಯಿತು ಎಂದು ಹೇಳಬೇಕಾಗಿಲ್ಲ. ಕರಗಕ್ಕೆ ಬೇಕೆಂದು ಒಂದು ಚಿಕ್ಕ ಕುಂಟೆ ಉಳಿಯಿತು. ತೋಟ ಕೇಳಿ ಉಳಿಸಿಕೊಳ್ಳಲಾಗದ ನೀರನ್ನು ದೇವರು ಕೇಳಿ ಅಂಗೈಯಗಲ ಉಳಿಸಿಕೊಂಡಿತು.

ಸಂಪಂಗಿಯಂತೆಯೇ ಶೂಲೆ ಕೆರೆಯ ಜಾಗದಲ್ಲಿ ಫುಟ್‌ಬಾಲ್ ಕ್ರೀಡಾಂಗಣ. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ. ಈ ಊರಿನವರು ಕ್ರೀಡಾಪ್ರಿಯರು ಎಂದಷ್ಟೇ ಹೇಳಿ ಸುಮ್ಮನಾಗುತ್ತೇನೆ.

ಹಾಗಾದರೆ ಆ ಕಸುಬು ಪೂರಾ ಹೋಯಿತೇ? ಲಾಲ್‌ಬಾಗಿನ ಬೆನ್ನಿಗೆ, ಅಶೋಕ ಪಿಲ್ಲರಿಗೆ ಹತ್ತಿರದಲ್ಲಿ ಸಿದ್ದಾಪುರ ಎಂಬ ಜಾಗವಿದೆ. ಜಯನಗರದ ಜನಕ್ಕೇ ಅದು ದಾರಿಯಲ್ಲಿ ಸಿಗುವ ಹೆಸರು, ಒಳಹೊಕ್ಕು ನೋಡಿದವರು ಕಡಿಮೆ. ಮನೆಗಳ ಗೋಡೆಗಳ ನಡುವೆ ಗಾಡಿಯಗಲದ ದಾರಿ, ದಾರಿಯ ಆಚೆ ಸಾಲು ಸಾಲು ನರ್ಸರಿ. ಕಳೆದ ಮಳೆಗಾಲದಲ್ಲಿ ಅಲ್ಲೊಬ್ಬ ಯಜಮಾನರು ದಾಳಿಂಬೆಗೆ ಗೂಟಿ ಕಟ್ಟುತ್ತಿದ್ದರು. ಪೆನ್ಸಿಲ್ ದಪ್ಪದ ಕೊಂಬೆ ಆರಿಸಿ, ಚಾಕುವಿನಿಂದ ಒಂದಂಗುಲ ಅಗಲ ತೊಗಟೆಯನ್ನು ಬಳೆಯಂತೆ ಸುಲಿದರು. ನೆನೆದ ಪಾಚಿಯನ್ನು ಹಿಂಡಿ ಅದರ ಸುತ್ತ ಒತ್ತಿದರು. ಪ್ಲಾಸ್ಟಿಕ್ ಸುತ್ತಿ ಎರಡೂ ತುದಿಗೆ ದಾರ ಬಿಗಿದರು. ಇಷ್ಟಕ್ಕೆ ಎರಡು ನಿಮಿಷ ಹಿಡಿದಿರಬಹುದು.

"ಎಷ್ಟು ದಿನಕ್ಕೆ ಬೇರು ಬರುತ್ತೆ ಯಜಮಾನ್ರೇ?"

"ಒಂದೂವರೆ ತಿಂಗಳು ಸ್ವಾಮಿ. ಅವಸರ ಪಟ್ಟು ಬಿಚ್ಚಿ ನೋಡಬಾರದು."

"ಯಾರ ಹತ್ರ ಕಲಿತಿರಿ?"

"ಕಲಿಯೋದೇನು? ನಮ್ಮಪ್ಪ ಕಟ್ಟೋವಾಗ ದಾರ ಹಿಡ್ಕೊಳ್ತಿದ್ದೆ. ಈಗ ದಾರ ಹಿಡ್ಕೊಳ್ಳೋರು ಯಾರೂ ಇಲ್ಲ, ಹಲ್ಲಲ್ಲೇ ಕಚ್ಕೋತೀನಿ."

ನಿಜ, ದಾರದ ಉಂಡೆ ಅವರ ಬಾಯಲ್ಲೇ ಇತ್ತು. ಅವರ ಒಬ್ಬ ಮಗ ಕಂಪ್ಯೂಟರ್ ಕೆಲಸ, ಇನ್ನೊಬ್ಬ ಕ್ಯಾಬ್ ಓಡಿಸುತ್ತಾನೆ. ಗುಂಟೆಯ ಬೆಲೆ ಕೇಳಿಕೊಂಡು ವಾರಕ್ಕೊಬ್ಬರು ಬರುತ್ತಾರಂತೆ. ನಾನೂ ಅಂಥವನೇ ಎಂದುಕೊಂಡಿದ್ದರು. ಎರಡು ಮಲ್ಲಿಗೆ ಗಿಡ ಕೊಂಡ ಮೇಲೆ ಅನುಮಾನ ಬಿಟ್ಟಿತು.

ಕೊನೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಬೀರುವಿನಲ್ಲಿ ಹಳೇ ಕ್ರಯಪತ್ರ ಇದ್ದರೆ, ಬೆಲೆ ಬರೆದ ಪುಟ ಬಿಟ್ಟು ಚಕ್ಕುಬಂದಿಯ ಪುಟ ತೆಗೆಯಿರಿ. ಪೂರ್ವಕ್ಕೆ ಇಂಥವರ ತೋಟ, ಪಶ್ಚಿಮಕ್ಕೆ ಕೆರೆ ಏರಿ, ಉತ್ತರಕ್ಕೆ ಬಂಡಿದಾರಿ ಎಂದು ನಾಲ್ಕು ಸಾಲು ಇರುತ್ತದೆ. ಅಚ್ಚಾದ ಯಾವ ಚರಿತ್ರೆಯಲ್ಲೂ ಸಿಗದ ತೋಟಗಳು ಆ ನಾಲ್ಕು ಸಾಲಿನಲ್ಲಿವೆ. ಓದಿ, ಒಂದು ಕಾಗದಕ್ಕೆ ಇಳಿಸಿ, ಮಕ್ಕಳಿಗೆ ಜಾಗ ತೋರಿಸಿ. ಇಷ್ಟು ಬುದ್ಧಿ ಹೇಳುವ ನಾನು ಸ್ವಂತಕ್ಕೆ ನಿವೇಶನ ಕೊಳ್ಳುವಾಗ ಆ ಪುಟ ಓದಿರಲಿಲ್ಲ. ಮೊದಲ ಮಳೆಗೆ ನಡುಮನೆಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಪತ್ರ ತೆಗೆದು ನೋಡಿದೆ. ‘ದಕ್ಷಿಣಕ್ಕೆ ಕೋಡಿ ಹಳ್ಳ’ ಎಂದು ಸ್ಪಷ್ಟವಾಗಿ ಬರೆದಿತ್ತು.